ನೈಟ್ರೋ ಟೂರಿಂಗ್ ಗಾಡಿ: ಬೆಲ್ಟ್‌ನಲ್ಲೇ ಇರಲೋ, ಶಾಫ್ಟ್‌ಗೆ ಹೋಗಲೋ?

ಡೊಂಬಿವಲಿ ಗಾಡಿವಾಲಾ:

ಎಲ್ಲರಿಗೂ ನಮಸ್ಕಾರ. ನಾಲ್ಕು ತಿಂಗಳ ಹಿಂದೆ ಒಂದು ಸೆಕೆಂಡ್ ಹ್ಯಾಂಡ್ ನೈಟ್ರೋ ಟೂರಿಂಗ್ ಗಾಡಿ ತಗೊಂಡೆ, ಅಂದರೆ ನೈಟ್ರೋ ಇಂಧನದ ಸಣ್ಣ ಎಂಜಿನ್ ಇರುವ ರಿಮೋಟ್ ಕಂಟ್ರೋಲ್ ಮಾದರಿ ಕಾರು. 1/10 ಅಳತೆ, 200 ಎಂ.ಎಂ. ಅಗಲ, .12 (ಘನ ಇಂಚು) ಎಂಜಿನ್, ಎರಡು ಸ್ಪೀಡ್ ಗೇರ್, ಎಂಜಿನ್ ಶಕ್ತಿಯನ್ನು ಚಕ್ರಕ್ಕೆ ಒಯ್ಯಲು ಮೂರು ಬೆಲ್ಟ್. ಮಾರಿದವರು ರೇಸಿಗೆ ಓಡಿಸುತ್ತಿದ್ದವರು, ಗಾಡಿಯನ್ನು ಮನೆಮಗುವಿನ ಹಾಗೆ ಇಟ್ಟುಕೊಂಡಿದ್ದರು. ಗಾಡಿಯಲ್ಲಿ ತಪ್ಪಿಲ್ಲ. ನಾನು ಓಡಿಸುವ ಜಾಗದ್ದೇ ಚಿಂತೆ. ನವಿ ಮುಂಬೈ ಕಡೆ ಒಂದು ಗೋದಾಮಿನ ಮುಂದೆ ದೊಡ್ಡ ಡಾಂಬರು ಅಂಗಳ ಇದೆ. ಭಾನುವಾರ ಖಾಲಿ ಇರುತ್ತದೆ, ಮಾಲೀಕರನ್ನು ಕೇಳಿಕೊಂಡೇ ಹೋಗುತ್ತೇವೆ. ಆದರೆ ವಾರವೆಲ್ಲ ಲಾರಿ ಓಡಾಡುವ ಜಾಗ ಅದು, ಮೂಲೆಮೂಲೆಯಲ್ಲಿ ಜಲ್ಲಿ ಪುಡಿ ಬಿದ್ದಿರುತ್ತದೆ.

ಹೋದ ತಿಂಗಳು ಏನಾಯ್ತು ಅಂದರೆ, ಮೂರನೇ ಟ್ಯಾಂಕ್ ಓಡುತ್ತಿತ್ತು, ನೇರ ದಾರಿಯಲ್ಲಿ ಫುಲ್ ಥ್ರಾಟಲ್, ಟರ್ರ್ ಅಂತ ಒಂದು ಸದ್ದು ಬಂತು, ಮುಂದಿನ ತಿರುವಿನಲ್ಲಿ ಗಾಡಿಯ ಹಿಂಭಾಗ ಬೀಸಿ ಎರಡು ಸುತ್ತು ತಿರುಗಿ ನಿಂತಿತು. ಬಾಡಿ ತೆಗೆದು ನೋಡಿದರೆ ಪಕ್ಕದ ಉದ್ದ ಬೆಲ್ಟ್‌ನಲ್ಲಿ ಮೂರು ಬೆರಳಿನಷ್ಟು ಜಾಗಕ್ಕೆ ಹಲ್ಲೇ ಇಲ್ಲ. ಬೋಳಾಗಿ, ಒಳಗಿನ ಬಿಳಿ ದಾರ ಕಾಣುತ್ತಿತ್ತು. ಪುಲ್ಲಿಯ ಸಂದಿಯಲ್ಲಿ ಮೆಂತ್ಯದ ಕಾಳಿನಷ್ಟು ಕಲ್ಲು. ಗುಂಡುಸೂಜಿಯಿಂದ ಎಬ್ಬಿಸಿ ತೆಗೆದೆ. ಒಂದು ಮಗ್ಗುಲು ಉಜ್ಜಿ ಉಜ್ಜಿ ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಅಷ್ಟು ಸಣ್ಣದಕ್ಕೆ ಇಡೀ ಭಾನುವಾರ ಹೋಯಿತು, ಹೊರಗಿನಿಂದ ಬೆಲ್ಟ್ ತರಿಸಲು ಇನ್ನೂ ಮೂರು ವಾರ ಹೋಯಿತು.

ಈಗ ಪುಣೆಯಲ್ಲಿ ಒಬ್ಬರು ಶಾಫ್ಟ್ ಗಾಡಿ (ಬೆಲ್ಟ್ ಬದಲು ತಿರುಗುವ ಉದ್ದ ಸರಳು ಇರುವುದು) ಮಾರುತ್ತಿದ್ದಾರೆ, ಎಚ್‌ಪಿಐ ನೈಟ್ರೋ ಆರ್‌ಎಸ್4 3. ಬೆಲೆ ಪರವಾಗಿಲ್ಲ. ಆದರೆ ಎಲ್ಲಿ ಓದಿದರೂ ರೇಸ್ ಗಾಡಿ ಅಂದರೆ ಬೆಲ್ಟ್ ಅನ್ನುತ್ತಾರೆ. ಸರ್ಪೆಂಟ್ ನೋಡಿದರೂ ಬೆಲ್ಟ್, ಮುಗೆನ್ ಎಂಟಿಎಕ್ಸ್ ನೋಡಿದರೂ ಬೆಲ್ಟ್, ಎಕ್ಸ್‌ರೇ ಎನ್‌ಟಿ1 ಕೂಡ ಬೆಲ್ಟೇ. ಶಾಫ್ಟ್ ಗಾಡಿ ಥ್ರಾಟಲ್ ಕೊಟ್ಟಾಗ ಒಂದು ಕಡೆಗೆ ವಾಲುತ್ತದೆ ಅಂತಲೂ ಕೇಳಿದ್ದೇನೆ. ನಿಜವೇ? ಶಾಫ್ಟ್‌ಗೆ ಹೋದರೆ ಸ್ಪೀಡ್ ಕಡಿಮೆ ಆಗುತ್ತದಾ? ಎರಡೂ ಓಡಿಸಿದವರು ದಯವಿಟ್ಟು ಹೇಳಿ. ನನಗೆ ರೇಸ್ ಗೆಲ್ಲುವ ಆಸೆ ಇಲ್ಲ, ಭಾನುವಾರ ಐದಾರು ಟ್ಯಾಂಕ್ ನೆಮ್ಮದಿಯಾಗಿ ಓಡಿಸಬೇಕು ಅಷ್ಟೇ.

ಭೋಸರಿ ಲೇತ್:

ನಾನು ಪುಣೆ ಹತ್ತಿರ ಭೋಸರಿ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ ಕೆಲಸ ಮಾಡುವವನು, ಊರು ಬಾಗಲಕೋಟೆ ಕಡೆ. ನಮ್ಮ ಶಾಪಿನಲ್ಲಿ ಟೈಮಿಂಗ್ ಬೆಲ್ಟ್ ಇರುವ ಯಾವ ಮಷೀನನ್ನೂ ಕವರ್ ಇಲ್ಲದೆ ಓಡಿಸಲು ಬಿಡುವುದಿಲ್ಲ. ಕೈ ಸಿಗಬಾರದು ಅನ್ನುವುದು ಒಂದು, ಲೋಹದ ಚೂರು ಒಳಗೆ ಬೀಳಬಾರದು ಅನ್ನುವುದು ಇನ್ನೊಂದು. ಈಗ ನಿಮ್ಮ ಗಾಡಿ ನೋಡ್ರಿ. ನೆಲದಿಂದ ಐದಾರು ಎಂ.ಎಂ. ಮೇಲೆ, ನಾಲ್ಕು ಟೈರ್ ಜಲ್ಲಿ ಎರಚುವ ನಡುವೆ, ಬೆಲ್ಟ್ ಬರಿಮೈಯಲ್ಲಿ ಓಡುತ್ತಿದೆ. ಕಲ್ಲು ಸಿಗದಿದ್ದರೆ ಅದೇ ಆಶ್ಚರ್ಯ ಅಲ್ವಾ?

ಮೊದಲು ಎರಡೂ ಹೇಗೆ ಕೆಲಸ ಮಾಡುತ್ತವೆ ಅಂತ ಹೇಳಿಬಿಡುತ್ತೇನೆ, ಆಮೇಲೆ ವಾಲುವ ವಿಷಯ ತಾನೇ ಅರ್ಥ ಆಗುತ್ತದೆ. ನಿಮ್ಮ ಗಾಡಿಯಲ್ಲಿ ಎಂಜಿನ್ ಅಡ್ಡ ಕೂತಿದೆ. ಕ್ಲಚ್ ಬೆಲ್‌ನ ಪಿನಿಯನ್ (ಸಣ್ಣ ಗೇರ್) ಎರಡು ಸ್ಪೀಡಿನ ಗೇರನ್ನು ತಿರುಗಿಸುತ್ತದೆ. ಆ ಗೇರ್ ಕೂತಿರುವ ಅಡ್ಡ ಶಾಫ್ಟ್‌ನಿಂದ ಒಂದು ಗಿಡ್ಡ ಬೆಲ್ಟ್ ಹಿಂದಿನ ಚಕ್ರಕ್ಕೆ ಹೋಗುತ್ತದೆ, ಪಕ್ಕದ ಉದ್ದ ಬೆಲ್ಟ್ ಮುಂದೆ ಹೋಗಿ ಇನ್ನೊಂದು ಗಿಡ್ಡ ಬೆಲ್ಟ್‌ಗೆ ಕೊಡುತ್ತದೆ. ನಿಮ್ಮದು ಹಲ್ಲು ಹೋದದ್ದು ಆ ಉದ್ದದ್ದು. ಅದಕ್ಕೇ ಮುಂದಿನ ಚಕ್ರದ ಎಳೆತ ಹೋಗಿ, ಹಿಂದಿನ ಚಕ್ರ ಮಾತ್ರ ತಳ್ಳಿ, ಗಾಡಿ ಗಿರಗಿರ ತಿರುಗಿತು. ಇಲ್ಲಿ ತಿರುಗುವುದೆಲ್ಲ ಚಕ್ರದ ಹಾಗೆ ಗಾಡಿಯ ಅಡ್ಡದ ಸುತ್ತಲೇ ತಿರುಗುತ್ತದೆ. ಥ್ರಾಟಲ್ ಎಳೆದರೆ ಗಾಡಿ ಹಿಂದಕ್ಕೆ ಕೂರುತ್ತದೆ ಅಷ್ಟೇ, ಎಡಕ್ಕೆ ಬಲಕ್ಕೆ ವಾಲುವುದಿಲ್ಲ.

ಶಾಫ್ಟ್ ಗಾಡಿಯಲ್ಲಿ ಎಂಜಿನ್ ಉದ್ದಕ್ಕೆ ಕೂತಿರುತ್ತದೆ, ಸ್ಪರ್ ಅನ್ನುವ ದೊಡ್ಡ ಗೇರ್ ಗಾಡಿಯ ನಡುವಿನ ಉದ್ದ ಶಾಫ್ಟ್ ಮೇಲೆ ಇರುತ್ತದೆ. ಆ ಶಾಫ್ಟ್‌ನ ಎರಡು ತುದಿಯಲ್ಲಿ ಸಣ್ಣ ಬೆವೆಲ್ ಪಿನಿಯನ್, ಅದು ಡಿಫ್‌ನ (ಎಡ ಬಲ ಚಕ್ರಕ್ಕೆ ಶಕ್ತಿ ಹಂಚುವ ಡಿಫರೆನ್ಶಿಯಲ್) ದೊಡ್ಡ ಬೆವೆಲ್ ಗೇರನ್ನು 90 ಡಿಗ್ರಿಯಲ್ಲಿ ತಿರುಗಿಸುತ್ತದೆ. ಫ್ಲೈವೀಲ್, ಕ್ಲಚ್, ಸ್ಪರ್, ಶಾಫ್ಟ್ ಎಲ್ಲ ಗಾಡಿಯ ಉದ್ದದ ಸುತ್ತ ತಿರುಗುವುದರಿಂದ ಥ್ರಾಟಲ್ ಎಳೆದ ಕೂಡಲೇ ಚಾಸಿ ಅದರ ವಿರುದ್ಧ ದಿಕ್ಕಿಗೆ ಹೊರಳಲು ನೋಡುತ್ತದೆ. ಡ್ರಿಲ್ ಮಷೀನ್ ಒತ್ತಿದ ಕೂಡಲೇ ಕೈಯಲ್ಲಿ ಒಂದು ಜರ್ಕ್ ಬರುತ್ತದಲ್ಲ, ಅದೇ. ಹಾಗಾಗಿ ನೀವು ಕೇಳಿದ್ದು ನಿಜ. ಎಡ ತಿರುವು, ಬಲ ತಿರುವು ಒಂದೇ ಥರ ಅನ್ನಿಸುವುದಿಲ್ಲ. ಆದರೆ ಇದು ಗೊತ್ತಾಗುವುದು ಹಿಡಿತ ಚೆನ್ನಾಗಿರುವ ಟ್ರ್ಯಾಕ್‌ನಲ್ಲಿ, ಒಂದೊಂದು ಸೆಕೆಂಡ್ ಲೆಕ್ಕ ಹಾಕುವವರಿಗೆ. ಜಲ್ಲಿ ಪುಡಿ ಇರುವ ಡಾಂಬರಿನಲ್ಲಿ ಟೈರ್ ಅದಕ್ಕಿಂತ ಮೊದಲೇ ಜಾರುತ್ತದೆ.

ಸ್ಪೀಡ್ ಬಗ್ಗೆ ಚಿಂತೆ ಬೇಡ. ಅದೇ ಎಂಜಿನ್, ಅದೇ ಗೇರ್ ಲೆಕ್ಕ, ಅದೇ ಟೈರ್ ಇದ್ದರೆ ವ್ಯತ್ಯಾಸ ಕಣ್ಣಿಗೆ ಕಾಣುವಷ್ಟು ಇರುವುದಿಲ್ಲ. ಬೆವೆಲ್ ಗೇರ್ ಸ್ವಲ್ಪ ಶಕ್ತಿ ತಿನ್ನುತ್ತದೆ, ಬೆಲ್ಟ್ ಬಗ್ಗುವುದರಲ್ಲೂ ಸ್ವಲ್ಪ ಹೋಗುತ್ತದೆ, ಬೆಲ್ಟ್ ಟೈಟ್ ಆದರೆ ಇನ್ನೂ ಜಾಸ್ತಿ ಹೋಗುತ್ತದೆ.

ನಿಮ್ಮ ಜಾಗಕ್ಕೆ ನನ್ನ ಮಾತು ಕೇಳಿದರೆ ಶಾಫ್ಟ್. ಬೆವೆಲ್ ಗೇರ್ ಎಲ್ಲ ಡಬ್ಬಿಯ ಒಳಗೆ ಗ್ರೀಸ್‌ನಲ್ಲಿ ಇರುತ್ತದೆ, ಅಲ್ಲಿಗೆ ಕಲ್ಲು ಹೋಗುವುದು ಕಷ್ಟ.

ವಾಸ್ಕೋ ಕೆಂಪುಮಣ್ಣು:

ಗೋವಾದಿಂದ ಬರೆಯುತ್ತಿದ್ದೇನೆ. ಇಲ್ಲಿ ಡಾಂಬರು ಅಂದರೂ ಅದರ ಮೇಲೆ ಕೆಂಪು ಧೂಳು ಇದ್ದೇ ಇರುತ್ತದೆ. ಆರು ವರ್ಷದಿಂದ ಶಾಫ್ಟ್ ಗಾಡಿಯೇ ಓಡಿಸುತ್ತಿದ್ದೇನೆ, ಮೊದಲು ಒಂದು ಅಗ್ಗದ್ದು, ಈಗ ಕ್ಯೋಶೋ ಎಫ್‌ಡಬ್ಲ್ಯೂ-06. ಭೋಸರಿಯವರು ಹೇಳಿದ್ದೆಲ್ಲ ಸರಿ, ಆದರೆ ಶಾಫ್ಟ್ ಅಂದರೆ ನೋಡಿಕೊಳ್ಳುವುದೇ ಬೇಡ ಅಂತ ಯಾರೂ ತಿಳಿಯಬಾರದು ಅಂತ ಇದನ್ನು ಬರೆಯುತ್ತಿದ್ದೇನೆ.

ನನ್ನ ಮೊದಲ ಗಾಡಿ ನಾಲ್ಕನೇ ವಾರಕ್ಕೆ ಹಿಂದಿನ ಡಿಫ್‌ನ ಗೇರ್ ತಿಂದಿತು. ತೆರೆದಾಗ ಗ್ರೀಸ್ ತುಂಬ ಬಿಳಿ ಪ್ಲಾಸ್ಟಿಕ್ ಪುಡಿ, ತೆಂಗಿನ ತುರಿ ಕಲಸಿದ ಹಾಗೆ. ಕಲ್ಲಿನಿಂದ ಆದದ್ದಲ್ಲ. ಪಿನಿಯನ್‌ಗೂ ದೊಡ್ಡ ಗೇರಿಗೂ ನಡುವೆ ಸಂದಿ ಜಾಸ್ತಿ ಇತ್ತು, ಹಲ್ಲಿನ ತುದಿ ಮಾತ್ರ ತಾಗುತ್ತಿತ್ತು, ಬ್ರೇಕ್ ಹಾಕಿದಾಗೆಲ್ಲ ಒಂದೊಂದೇ ಹಲ್ಲು ಸವೆಯಿತು. ಬೆಲ್ಟ್‌ಗೆ ಸ್ವಲ್ಪವಾದರೂ ಹಿಗ್ಗುವ ಗುಣ ಇದೆ, ಪೆಟ್ಟನ್ನು ತಾನು ತಿನ್ನುತ್ತದೆ. ಶಾಫ್ಟ್ ಬಗ್ಗುವುದಿಲ್ಲ, ಪೆಟ್ಟು ನೇರ ಗೇರಿಗೆ ಹೋಗುತ್ತದೆ.

ಆಮೇಲೆ ಶಿಮ್ ಹಾಕುವುದನ್ನು ಕಲಿತೆ. ಕಾಗದದಷ್ಟು ತೆಳುವಾದ ವಾಷರ್ ಅದು. ಡಿಫ್‌ನ ಬೇರಿಂಗ್ ಪಕ್ಕ ಒಂದು ಹಾಕಿ, ಡಬ್ಬಿ ಮುಚ್ಚಿ, ಸ್ಕ್ರೂ ಬಿಗಿದು, ಶಾಫ್ಟನ್ನು ಎರಡು ಬೆರಳಲ್ಲಿ ಮೆಲ್ಲಗೆ ತಿರುಗಿಸಬೇಕು. ಗರಗರ ಅಂದರೆ ಟೈಟ್, ಒಂದು ತೆಗೆಯಿರಿ. ಆ ಕಡೆ ಈ ಕಡೆ ಅಲ್ಲಾಡಿಸಿದಾಗ ಟಕ್ ಟಕ್ ಅಂದರೆ ಲೂಸ್, ಇನ್ನೊಂದು ಹಾಕಿ. ಸರಿಯಾದಾಗ ಸದ್ದೇ ಬರುವುದಿಲ್ಲ, ಬೆರಳಿಗೆ ಬೆಣ್ಣೆ ಸವರಿದ ಹಾಗೆ ತಿರುಗುತ್ತದೆ. ನನಗೆ ಮೊದಲ ಸಲ ಒಂದು ಸಂಜೆ ಪೂರ್ತಿ ಬೇಕಾಯಿತು. ಆಮೇಲೆ ಎರಡು ವರ್ಷ ಆ ಡಿಫ್ ತೆರೆಯಲಿಲ್ಲ.

ಇನ್ನೊಂದು, ಶಾಫ್ಟ್ ಗಾಡಿಯಲ್ಲಿ ಪಿನಿಯನ್, ಕಪ್ ಎಲ್ಲ ತಲೆ ಇಲ್ಲದ ಸಣ್ಣ ಗ್ರಬ್ ಸ್ಕ್ರೂ ಮೇಲೆ ನಿಂತಿರುವುದು ಜಾಸ್ತಿ. ನೈಟ್ರೋ ಎಂಜಿನ್ ಅದುರುವುದಕ್ಕೆ ಸ್ಕ್ರೂ ಬಿಚ್ಚಿಕೊಳ್ಳುತ್ತವೆ. ಲೋಹಕ್ಕೆ ಲೋಹ ಸೇರುವ ಕಡೆಯೆಲ್ಲ ಥ್ರೆಡ್‌ಲಾಕ್ (ಸ್ಕ್ರೂ ಬಿಚ್ಚದ ಹಾಗೆ ಹಿಡಿಯುವ ಅಂಟು) ಹಾಕಲೇಬೇಕು. ಹಾಕುವ ಮೊದಲು ಎಣ್ಣೆ ಒರೆಸಿ, ಇಲ್ಲದಿದ್ದರೆ ಹಿಡಿಯುವುದಿಲ್ಲ.

ಪುಣೆಯ ಗಾಡಿ ನೋಡಲು ಹೋದರೆ ಮೊದಲು ಎಂಜಿನ್ ನೋಡಿ. ಗ್ಲೋ ಪ್ಲಗ್ ಇರಲಿ, ಎಂಜಿನ್ ತಣ್ಣಗೇ ಇರಲಿ, ಫ್ಲೈವೀಲನ್ನು ಕೈಯಲ್ಲಿ ತಿರುಗಿಸಿ. ಪಿಸ್ಟನ್ ಮೇಲೆ ಬರುವಾಗ ಹಿಡಿದುಕೊಂಡ ಹಾಗೆ ಅನ್ನಿಸಬೇಕು. ಈ ಎಂಜಿನ್‌ಗಳ ಪಿಸ್ಟನ್‌ಗೆ ರಿಂಗ್ ಇಲ್ಲ, ಪಿಸ್ಟನ್ ಓಡುವ ಕೊಳವೆ (ಸ್ಲೀವ್) ಮೇಲ್ಭಾಗದಲ್ಲಿ ಕಿರಿದಾಗಿರುತ್ತದೆ, ಆ ಹಿಡಿತವೇ ಅದರ ಜೀವ. ಸುಮ್ನೆ ಸಲೀಸಾಗಿ ತಿರುಗಿದರೆ ಸವೆದಿದೆ ಅಂತ ಅರ್ಥ. ಆಗ ಶಾಫ್ಟ್ ಬೆಲ್ಟ್ ಮಾತೇ ಬೇಡ, ಬಿಟ್ಟು ಬನ್ನಿ.

ಮಾಟುಂಗಾ ಬೆಲ್ಟ್:

ನಾನು ಸ್ವಲ್ಪ ಬೇರೆ ಮಾತು ಹೇಳುತ್ತೇನೆ ಮಾರಾಯ್ರೆ, ಬೇಜಾರು ಮಾಡಬೇಡಿ. ಒಂದು ಬೆಲ್ಟ್ ಹೋಯಿತು ಅಂತ ಗಾಡಿಯನ್ನೇ ಬದಲಿಸುವುದು ನನಗೆ ಸರಿ ಕಾಣುವುದಿಲ್ಲ. ನಾನು 15 ವರ್ಷದಿಂದ ಬೆಲ್ಟ್ ಗಾಡಿಯನ್ನೇ ಓಡಿಸಿದವನು. ಬೆಲ್ಟ್ ಗಾಡಿ ತಿರುವಿನಿಂದ ಹೊರಗೆ ಬರುವಾಗ ಥ್ರಾಟಲ್ ಕೊಟ್ಟರೆ ನಾಲ್ಕೂ ಚಕ್ರ ಒಟ್ಟಿಗೆ ನೆಲ ಹಿಡಿದು, ಒಂದು ಗೆರೆಯಲ್ಲಿ ಎಳೆದುಕೊಂಡು ಹೋಗುತ್ತದಲ್ಲ, ಅದನ್ನು ಒಮ್ಮೆ ಕೈಯಲ್ಲಿ ಅನುಭವಿಸಿದವನು ಬಿಡುವುದಿಲ್ಲ. ತಿರುವು ಯಾವ ಕಡೆಗಿದ್ದರೂ ಗಾಡಿಯ ನಡತೆ ಒಂದೇ. ಹೊಸಬರಿಗೆ ಇದು ತುಂಬ ಮುಖ್ಯ ಅಂತ ನಾನು ನಂಬಿದ್ದೇನೆ. ಏಕೆಂದರೆ ಗಾಡಿ ತಪ್ಪಿದರೆ ತಪ್ಪು ನಿಮ್ಮದೋ ಗಾಡಿಯದೋ ಅಂತ ಗೊತ್ತಾಗುತ್ತದೆ.

ಈಗ ನನ್ನ ಪ್ರಶ್ನೆ. ಬೆಲ್ಟ್ ಎಷ್ಟು ಬಿಗಿ ಇಟ್ಟಿದ್ದಿರಿ? ಡಿಫ್‌ನ ಎರಡೂ ಪಕ್ಕ ಬೇರಿಂಗ್ ಕೂರುವ ಪ್ಲಾಸ್ಟಿಕ್ ಬಳೆ ಇದೆಯಲ್ಲ, ಅದರ ತೂತು ನಟ್ಟನಡುವೆ ಇರುವುದಿಲ್ಲ, ಅದನ್ನು ಒಂದೊಂದು ಗೀಟು ತಿರುಗಿಸಿದರೆ ಡಿಫ್ ಹಿಂದೆ ಮುಂದೆ ಹೋಗಿ ಬೆಲ್ಟ್ ಬಿಗಿ ಆಗುತ್ತದೆ, ಸಡಿಲ ಆಗುತ್ತದೆ. ಎಡ ಬಲ ಎರಡೂ ಒಂದೇ ಗೀಟಿನಲ್ಲಿ ಇರಬೇಕು. ತೀರಾ ಬಿಗಿ ಮಾಡಿದರೆ ಬೇರಿಂಗ್ ಸಾಯುತ್ತದೆ, ಎಂಜಿನ್ ಸುಮ್ನೆ ಬಿಸಿ ಆಗುತ್ತದೆ. ಸಡಿಲ ಇದ್ದರೆ ಬ್ರೇಕ್ ಹಾಕಿದಾಗ ಹಲ್ಲು ಹಾರುತ್ತದೆ. ಸಡಿಲ ಬೆಲ್ಟ್ ಕಲ್ಲನ್ನು ಬೇಗ ಒಳಗೆ ಬಿಟ್ಟುಕೊಳ್ಳುತ್ತದೆ, ಇದು ನಾನು ಕಣ್ಣಾರೆ ಕಂಡದ್ದು. ನಾಲ್ಕು ತಿಂಗಳಲ್ಲಿ ಒಮ್ಮೆಯೂ ನೋಡಿಲ್ಲ ಅಂದರೆ ಕಲ್ಲನ್ನು ಮಾತ್ರ ಬೈದು ಪ್ರಯೋಜನ ಇಲ್ಲ.

ಎರಡನೆಯದು ಟೈರ್. ರೇಸಿನವರ ಗಾಡಿ ಅಂದಿರಿ, ಹಾಗಾದರೆ ಫೋಮ್ ಟೈರ್ ಇರಬೇಕು. ಒರಟು ಡಾಂಬರಿನಲ್ಲಿ ಫೋಮ್ ಚೂರುಚೂರಾಗಿ ಕೀಳುತ್ತದೆ, ಧೂಳನ್ನು ಮೈಗೆ ಹಚ್ಚಿಕೊಂಡು ಹಿಡಿತವನ್ನೂ ಕಳೆದುಕೊಳ್ಳುತ್ತದೆ. ರಬ್ಬರ್ ಹಾಕಿ.

ಮೂರನೆಯದನ್ನು ಇಂದೇ ನೋಡಿ. ಗಾಡಿ ಎತ್ತಿ ಹಿಡಿದು, ಹಿಂದಿನ ಚಕ್ರ ಅಲ್ಲಾಡದ ಹಾಗೆ ಹಿಡಿದುಕೊಂಡು, ಮುಂದಿನ ಚಕ್ರಗಳನ್ನು ಮುಂದಕ್ಕೆ ತಿರುಗಿಸಿ. ಸಲೀಸಾಗಿ ತಿರುಗಿ, ಹಿಂದಕ್ಕೆ ತಿರುಗಿಸಿದರೆ ಹಿಡಿದರೆ, ಒಳಗೆ ಒನ್‌ವೇ (ಒಂದೇ ದಿಕ್ಕಿಗೆ ಹಿಡಿಯುವ ಬೇರಿಂಗ್) ಇದೆ. ರೇಸಿನವರು ತಿರುವಿಗೆ ಬೇಗ ಇಳಿಯಲಿ ಅಂತ ಹಾಕುತ್ತಾರೆ. ಬ್ರೇಕ್ ಇರುವುದು ಒಂದೇ ಡಿಸ್ಕ್, ಅದು ನಡುವಿನ ಶಾಫ್ಟ್ ಮೇಲೆ. ಒನ್‌ವೇ ಇದ್ದರೆ ಆ ಬ್ರೇಕ್ ಮುಂದಿನ ಚಕ್ರಕ್ಕೆ ತಲುಪುವುದೇ ಇಲ್ಲ, ಹಿಂದಿನದು ಮಾತ್ರ ನಿಲ್ಲುತ್ತದೆ. ಜಾರುವ ಜಾಗದಲ್ಲಿ ಅದು ಹ್ಯಾಂಡ್‌ಬ್ರೇಕ್ ಎಳೆದ ಹಾಗೆ. ತೆಗೆದು ಡಿಫ್ ಹಾಕಿಕೊಳ್ಳಿ, ಅರ್ಧ ಕಷ್ಟ ಅಲ್ಲೇ ಕಳೆಯುತ್ತದೆ.

ಡೊಂಬಿವಲಿ ಗಾಡಿವಾಲಾ:

ಎಲ್ಲರಿಗೂ ತುಂಬ ಥ್ಯಾಂಕ್ಸ್. ಮಾಟುಂಗಾ ಅಣ್ಣ, ನೀವು ಹೇಳಿದ್ದು ಸರಿ, ಬೆಲ್ಟ್ ಬಿಗಿ ನಾನು ಒಮ್ಮೆಯೂ ನೋಡಿರಲಿಲ್ಲ. ಈಗ ನೋಡಿದರೆ ಹಿಂದಿನದು ಸರಿ ಇದೆ, ಮುಂದಿನ ಗಿಡ್ಡ ಬೆಲ್ಟ್ ಸಡಿಲ, ಬೆರಳಲ್ಲಿ ಒತ್ತಿದರೆ ಕೆಳಗಿನ ಚಾಸಿಗೇ ತಾಗುತ್ತದೆ. ಚಕ್ರ ತಿರುಗಿಸಿಯೂ ನೋಡಿದೆ, ಒನ್‌ವೇ ಇದೆ. ನಾಲ್ಕು ತಿಂಗಳು ಬ್ರೇಕ್ ಹಾಕಿದಾಗೆಲ್ಲ ಗಾಡಿ ತಿರುಗುತ್ತಿತ್ತು, ನನ್ನ ಕೈ ಕೂತಿಲ್ಲ ಅಂತಲೇ ಅಂದುಕೊಂಡಿದ್ದೆ. ಇದನ್ನು ಹೇಳಿದ್ದಕ್ಕೆ ನಿಮಗೆ ಎಷ್ಟು ಹೇಳಿದರೂ ಕಡಿಮೆ.

ಈ ಭಾನುವಾರ ಗಾಡಿ ಓಡಿಸಲಿಲ್ಲ, ಪೊರಕೆ ತಗೊಂಡು ಹೋಗಿ ಅಂಗಳ ಗುಡಿಸಿದೆವು, ಮೂರು ಜನ, ಒಂದೂವರೆ ಗಂಟೆ. ಎರಡು ಬಕೆಟ್ ಜಲ್ಲಿ ಬಂತು. ಸೋಮವಾರ ಸಂಜೆ ಆ ಕಡೆಯಿಂದ ಬರುವಾಗ ಇಣುಕಿದರೆ ಲಾರಿ ಬಂದು ಮತ್ತೆ ಅಷ್ಟೇ ಚೆಲ್ಲಿ ಹೋಗಿದೆ. ಪ್ರತಿ ವಾರ ಗುಡಿಸಲು ಆಗುವುದಿಲ್ಲ ಅಣ್ಣ. ಬೇರೆ ಜಾಗವೂ ಸಿಗುವುದಿಲ್ಲ, ಈ ಸದ್ದಿಗೆ ಸೊಸೈಟಿ ಒಳಗೆ ಯಾರೂ ಬಿಡುವುದಿಲ್ಲ.

ಮಾಟುಂಗಾ ಬೆಲ್ಟ್:

ಎರಡು ಬಕೆಟ್ ಅಂದರೆ ನಾನು ಇನ್ನು ವಾದ ಮಾಡುವುದಿಲ್ಲ. ಆ ಜಾಗಕ್ಕೆ ಶಾಫ್ಟ್ ತಗೊಳ್ಳಿ. ಆದರೆ ಬೆಲ್ಟ್ ಗಾಡಿ ಮಾರಬೇಡಿ ಅಂತ ಕೈಮುಗಿದು ಹೇಳುತ್ತೇನೆ. ಒಳ್ಳೆಯ ನೆಲ ಸಿಕ್ಕ ದಿನ ಅದನ್ನು ಹೊರಗೆ ತೆಗೆಯಿರಿ. ಇಡುವಾಗ ಟ್ಯಾಂಕ್ ಖಾಲಿ ಮಾಡಿ, ಉಳಿದ ಪೆಟ್ರೋಲು ಸುಟ್ಟು ಎಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿ, ಪ್ಲಗ್ ತೆಗೆದು ನಾಲ್ಕು ಹನಿ ಆಫ್ಟರ್‌ರನ್ ಎಣ್ಣೆ (ಓಡಿಸಿದ ಮೇಲೆ ತುಕ್ಕು ತಡೆಯಲು ಹಾಕುವುದು) ಬಿಟ್ಟು ತಿರುಗಿಸಿ. ಪೆಟ್ರೋಲು ಅಂತ ಬಾಯಿಗೆ ಬರುತ್ತದೆ, ಅದು ಮೆಥನಾಲ್, ನೈಟ್ರೋಮೀಥೇನ್, ಎಣ್ಣೆ ಸೇರಿದ್ದು ಅಂತ ಗೊತ್ತಿದೆಯಲ್ಲ. ಮೆಥನಾಲ್ ಗಾಳಿಯಲ್ಲಿನ ತೇವ ಎಳೆದುಕೊಳ್ಳುತ್ತದೆ. ನಮ್ಮ ಮುಂಬೈ ಮಳೆಗಾಲದಲ್ಲಿ ಒಳಗೆ ಹಾಗೇ ಬಿಟ್ಟರೆ ಕ್ರ್ಯಾಂಕ್ ಬೇರಿಂಗ್ ತುಕ್ಕು ಹಿಡಿಯುವುದು ಖಂಡಿತ. ಬೆಲ್ಟನ್ನು ಪೂರ್ತಿ ಸಡಿಲ ಮಾಡಿ ಇಡಿ.

ಭೋಸರಿ ಲೇತ್:

ಬೆಲ್ಟ್ ಗಾಡಿಗೆ ಒಂದು ಉಪಾಯ. ಬಾಡಿ ಕತ್ತರಿಸಿದಾಗ ಉಳಿದ ಲೆಕ್ಸಾನ್ ಪ್ಲಾಸ್ಟಿಕ್ ತುಂಡು ಇರುತ್ತದಲ್ಲ, ಅದನ್ನು ಬಗ್ಗಿಸಿ ಮುಂದಿನ ಪುಲ್ಲಿ ಕೆಳಗೂ ಪಕ್ಕಕ್ಕೂ ಒಂದು ಸಣ್ಣ ಗೋಡೆ ಮಾಡಿ, ಸೈಲೆನ್ಸರ್ ಪೈಪಿನಿಂದ ದೂರ ಇರಲಿ, ಬೆಲ್ಟ್‌ಗೆ ತಾಗದಿರಲಿ. ಪೂರ್ತಿ ತಡೆಯುವುದಿಲ್ಲ, ಆದರೆ ಟೈರ್ ನೇರ ಎರಚುವ ಕಲ್ಲು ಅದಕ್ಕೆ ಬಡಿದು ಹೊರಗೆ ಬೀಳುತ್ತದೆ. ಮತ್ತೆ ಹಳೆ ಬೆಲ್ಟ್ ಎಸೆಯಬೇಡಿ. ಹಲ್ಲು ಎಣಿಸಿ, ಅಗಲ ಅಳೆಯಿರಿ, ಹತ್ತು ಹಲ್ಲಿನ ಉದ್ದ ಅಳೆದು ಹತ್ತರಿಂದ ಭಾಗಿಸಿದರೆ ಪಿಚ್ ಸಿಗುತ್ತದೆ. ಆ ಮೂರು ಲೆಕ್ಕ ಬರೆದುಕೊಂಡು ಕೈಗಾರಿಕಾ ಬೆಲ್ಟ್ ಮಾರುವ ಅಂಗಡಿಯಲ್ಲಿ ಕೇಳಿ ನೋಡಿ. ಹಲ್ಲಿನ ಆಕಾರವೂ ಹೊಂದಬೇಕು, ಹಾಗಾಗಿ ಹಳೆ ತುಂಡು ಕೈಯಲ್ಲೇ ಇರಲಿ.

ಗಾಡಿ ನೋಡಲು ಪುಣೆಗೆ ಯಾವಾಗ ಬರುತ್ತೀರಿ? ಹೇಳಿದರೆ ಜೊತೆಗೆ ಬರುತ್ತೇನೆ. ತಗೊಂಡರೆ ಅಲ್ಲಿಂದ ನಮ್ಮ ಮನೆಗೆ ಹೋಗಿ ಎರಡೂ ಡಿಫ್ ತೆರೆದು ಶಿಮ್ ನೋಡೋಣ, ವಾಸ್ಕೋದವರು ಹೇಳಿದ ಹಾಗೆ. ಶಿಮ್ ವಾಷರ್ ನನ್ನ ಹತ್ತಿರ ಡಬ್ಬಿ ತುಂಬ ಇವೆ.

ಡೊಂಬಿವಲಿ ಗಾಡಿವಾಲಾ:

ಬರುವ ಶನಿವಾರ ಬರುತ್ತೇನೆ ಅಣ್ಣ, ಕಲ್ಯಾಣದಿಂದ ಬೆಳಗಿನ ಟ್ರೇನ್. ಬೆಲ್ಟ್ ಗಾಡಿಯನ್ನೂ ತರುತ್ತೇನೆ, ಒನ್‌ವೇ ತೆಗೆದು ಡಿಫ್ ಹಾಕುವುದನ್ನು ನಿಮ್ಮ ಮುಂದೆಯೇ ಮಾಡಿದರೆ ಧೈರ್ಯ. ಅರ್ಧ ಲೀಟರ್ ಇಂಧನ ಉಳಿದಿದೆ, ಅದನ್ನೂ ತರಲಾ?

ಭೋಸರಿ ಲೇತ್:

ಇಂಧನ ಬೇಡವೇ ಬೇಡ, ಟ್ರೇನಿನಲ್ಲಿ ಅದನ್ನು ಒಯ್ಯಬಾರದು. ಮೆಥನಾಲ್ ಹೊತ್ತಿಕೊಂಡರೆ ಹಗಲಲ್ಲಿ ಉರಿ ಕಣ್ಣಿಗೇ ಕಾಣುವುದಿಲ್ಲ. ಗಾಡಿಯ ಟ್ಯಾಂಕ್ ಕೂಡ ಖಾಲಿ ಮಾಡಿ ಒರೆಸಿಕೊಂಡು ಬನ್ನಿ, ಇಲ್ಲಿ ನನ್ನದೇ ಇದೆ. ಚಿಂಚವಡದಲ್ಲಿ ಇಳಿಯಿರಿ, ಕರೆದುಕೊಂಡು ಹೋಗಲು ಬರುತ್ತೇನೆ. ನಿಮ್ಮ ಎಂಜಿನ್ ಇಲ್ಲಿ ಸ್ಟಾರ್ಟ್ ಮಾಡಿದಾಗ ಹೊಗೆ ಜಾಸ್ತಿ ಬಂದರೆ ಹೆದರಬೇಡಿ. ಪುಣೆ ಸಮುದ್ರಮಟ್ಟದಿಂದ ಸುಮಾರು 560 ಮೀಟರ್ ಮೇಲಿದೆ, ಗಾಳಿ ತೆಳು, ಡೊಂಬಿವಲಿಯ ಸೆಟ್ಟಿಂಗ್ ಇಲ್ಲಿ ಸ್ವಲ್ಪ ರಿಚ್ ಆಗುತ್ತದೆ, ಅಂದರೆ ಗಾಳಿಗಿಂತ ಇಂಧನದ ಪಾಲು ಜಾಸ್ತಿ. ಇಂಧನ ಹೊಂದಿಸುವ ಕಾರ್ಬುರೇಟರ್ ಸೂಜಿ ಈಗ ಎಷ್ಟು ಸುತ್ತು ತೆರೆದಿದೆ ಅಂತ ಮನೆಯಲ್ಲೇ ಎಣಿಸಿ ಬರೆದುಕೊಂಡು ಬನ್ನಿ, ವಾಪಸ್ ಹೋದ ಮೇಲೆ ಅದೇ ಲೆಕ್ಕಕ್ಕೆ ತಿರುಗಿಸಿಕೊಳ್ಳಬಹುದು.